ಒಂದೂಕಾಲು ಇಂಚು

ಮಂಡಿಪೇಟೆಯ ಗುಜರಿಯಲ್ಲಿ ಇಮಾಮ್‌ಸಾಬ್
ತಕ್ಕಡಿಗೆ ಹಾಕಿಯೇ ಕೊಟ್ಟ: ಕೆಜಿ ಇನ್ನೂರು ಗ್ರಾಂ ಹಳಿ.
ಹಿತ್ತಾಳೆಯ ರೇಟು ಹೇಳಿ, ನನ್ನ ಮುಖ ನೋಡಿ
ಐವತ್ತು ಇಳಿಸಿದ. ಮುಖ ಹಾಗಿತ್ತೇನೋ.

ಬಿಸ್ಕತ್ತಿನ ಡಬ್ಬಿ. ಒಳಗೆ ಹತ್ತು ಬಾಗು, ಒಂಬತ್ತು ನೇರ,
ಒಂದು ಕವಲು, ನಾಲಿಗೆ ಮುರಿದದ್ದು.
ಅಡಿಯಲ್ಲಿ ಅಕ್ಷರ ಒತ್ತಿದ್ದಾರೆ, ಓದಲು ಭೂತಗನ್ನಡಿ ಬೇಕು.
ಅದು ನನ್ನ ಕಸುಬೇ; ಅಶೋಕ ರಸ್ತೆಯಲ್ಲಿ ಕೂತು
ಮೂವತ್ತು ವರ್ಷದಿಂದ ಊರಿನ ಕಣ್ಣಿಗೆ ಗಾಜು ಉಜ್ಜುತ್ತಿದ್ದೇನೆ.
ಪಶ್ಚಿಮ ಜರ್ಮನಿ, ಅಂತಿತ್ತು.
ಆ ಕಂಪನಿ ಈಗಿಲ್ಲ. ಆ ದೇಶವೂ ಇಲ್ಲ.

ನನ್ನಲ್ಲಿ ಮೊದಲೇ ಇದ್ದದ್ದು ಬೇರೆ ವಂಶ.
ಹರಿಹರದ ಕಾರ್ಖಾನೆಗೆ ಬಂದ ಇಂಗ್ಲಿಷ್ ಇಂಜಿನಿಯರು
ಹೋಗುವಾಗ ಡ್ರೈವರನ ಮಗನಿಗೆ ಕೊಟ್ಟದ್ದು:
ಉಕ್ಕಿನ ಕಂಬಿ, ಕರೀ ಸ್ಲೀಪರು.
ಹನ್ನೆರಡು ಸೇರಿದರೆ ಒಂದು ಸುತ್ತು. ಇದ್ದದ್ದು ಏಳು.
ಉಳಿದ ಐದು ಎಲ್ಲೋ ಬರುತ್ತಿವೆ ಎಂದು
ಎಷ್ಟು ವರ್ಷ ನಂಬಿದ್ದೆನೋ.
ಅವನ್ನು ಮಾಡುವುದು ನಿಂತಾಗ ನನಗಿನ್ನೂ ಮೀಸೆ ಬಂದಿರಲಿಲ್ಲ.

ಮೂರನೆಯದು ದುರ್ಗದಿಂದ, ಬಸ್ಸಿನ ಟಾಪಿನ ಮೇಲೆ.
ದಂತವೈದ್ಯೆ ಸುಗುಣಾಂಬ ತಗಡಿನ ಹಳಿ ಕೊಟ್ಟರು,
ಸರದಿಗೆ ಕೂತ ಮಕ್ಕಳು ಅಳದಿರಲೆಂದು ಓಡಿಸುತ್ತಿದ್ದದ್ದು.
ನಡುವೆ ಇನ್ನೊಂದು ಕಂಬಿ. ‘ಬೇಡ ತಾನೇ?’ ಎಂದವರೇ
ಇಕ್ಕಳ ತಂದು ಕಿತ್ತರು, ಬೇರು ಸಮೇತ.
ತಗಡಿನಲ್ಲಿ ಕರೆಂಟು ಗೊಂದಲವಾಗುತ್ತದೆ.
ಗಾಡಿ ನಿಲ್ಲಿಸಿಡಲು ಅಡ್ಡಿಯಿಲ್ಲ.

ಎರಡು ಕಂಬಿಯ ನಡುವಿನ ಅಂತರ ಮೂವರಿಗೂ ಒಂದೇ:
ಹದಿನಾರೂವರೆ ಮಿಲಿಮೀಟರು.
ಮಿಕ್ಕಿದ್ದೆಲ್ಲ ಜಗಳ.
ಒಬ್ಬ ಎತ್ತರ, ಒಬ್ಬ ಕುಳ್ಳ. ಕುಳ್ಳನ ಕೆಳಗೆ
ಲಗ್ನಪತ್ರಿಕೆ ಕತ್ತರಿಸಿ ಒಟ್ಟಿದೆ, ಎರಡು ಪದರ.
ಹಿತ್ತಾಳೆ ಕರ್ರಗಾಗಿತ್ತು; ಮನೆಯಲ್ಲಿ ಕೇಳದೆ
ಹುಣಸೆಹಣ್ಣು ತಂದು ತಿಕ್ಕಿದೆ, ತಂಬಿಗೆ ತಿಕ್ಕಿದ ಹಾಗೆ.
ಲೆಕ್ಕದಲ್ಲಿ ಕೂಡಿತು: ಇವರ ಆರು, ಅವರ ಎಂಟು,
ಈ ತುದಿಗೊಂದು ಅರ್ಧಚಂದ್ರ, ಆ ತುದಿಗೊಂದು.
ಹಲಗೆಯ ಮೇಲೆ ಕೂಡಲಿಲ್ಲ, ಒಂದರ ಹೊಟ್ಟೆ ದೊಡ್ಡದು.
ಎಲ್ಲ ಜೋಡಿಸಿದ ಮೇಲೆ ಬಾಯಿ ಬಿಟ್ಟುಕೊಂಡು ಉಳಿಯಿತು
ಒಂದೂಕಾಲು ಇಂಚು.

ಯಾವ ಕಂಪನಿಯೂ ಎಂದೂ ಮಾಡದ ಅಳತೆ.

ಡಬ್ಬಿಯೆಲ್ಲ ಸ್ಕೂಟರಿಗೆ ಕಟ್ಟಿಕೊಂಡು ಹೊರಟರೆ
ಅಶೋಕ ಟಾಕೀಸ್ ಗೇಟು ಬಿತ್ತು.
ಆಟೋದವರು, ಮಂಡಕ್ಕಿ ಚೀಲದ ಗಾಡಿ, ಶಾಲೆ ಮಕ್ಕಳು,
ಎಲ್ಲರೂ ಹಳಿಯನ್ನು ಹಳಿಯುತ್ತ ನಿಂತರು.
ನಾನೊಬ್ಬ ಬಗ್ಗಿ ನೋಡುತ್ತಿದ್ದೆ,
ಇವರು ಹೇಗೆ ಜೋಡಿಸಿದ್ದಾರೆ ಅಂತ.

ಅಕ್ಕಸಾಲಿ ಮೌನೇಶ ಪತ್ತಾರ ಉಂಗುರ ಬದಿಗಿಟ್ಟು
ಉಕ್ಕಿನ ತುಂಡೊಂದು, ಹಿತ್ತಾಳೆ ತುಂಡೊಂದು
ಊದುಗೊಳವೆಯ ಉರಿಗೆ ಹಿಡಿದ.
ಬೆಳ್ಳಿಯ ಒಂದು ಚೂರು ಕರಗಿ ಸಂದಿಗೆ ಓಡಿತು.
ಒಂದೂಕಾಲು ಇಂಚು, ಅರ್ಧ ಇಂಗ್ಲಿಷು ಅರ್ಧ ಜರ್ಮನು,
ಬೆಸುಗೆ ಮಾತ್ರ ನಮ್ಮೂರಿನದು.
‘ಮಜೂರಿ ಏನೂ ಬ್ಯಾಡ್ರಿ, ನಾಲ್ಕು ಮೆಣಸಿನಕಾಯಿ ಬಜ್ಜಿ ತರಿಸ್ರಿ’ ಅಂದ.
‘ಆದ್ರ ಬಿಗಿಯಾಗಿ ಕೂರಿಸಬ್ಯಾಡ್ರಿ. ಏಪ್ರಿಲ್ ಐತಿ,
ಕಾದ್ರ ಮೇಲಕ್ಕ ಏಳ್ತದ. ಉಗುರಿನಷ್ಟು ಸಂದು ಬಿಡ್ರಿ.’

ಇಷ್ಟೆಲ್ಲ ಮಾಡಿ ಮುಚ್ಚಿದ್ದನ್ನು
ಮತ್ತೆ ಅರದಿಂದ ಉಜ್ಜುತ್ತಾ ಕೂತೆ.

ಓಡಿತು. ನಾಲ್ಕು ಸುತ್ತು, ಐದನೆಯದಕ್ಕೆ ಕವಲಿನಲ್ಲಿ ಮಗುಚಿತು.
ನಾಳೆ ನೋಡೋಣವೆಂದು ಸ್ವಿಚ್ಚು ತೆಗೆದು
ದೀಪ ಆರಿಸುವಷ್ಟರಲ್ಲಿ ಮನೆಯ ಹಿಂದೆ
ಒಂಬತ್ತೂವರೆಯ ಗೂಡ್ಸು. ಗೋಡೆ, ಹಲಗೆ,
ಲೋಟದ ನೀರು ಅದುರಿದವು.
ತಗಡಿನ ಹಳಿಯ ಮೇಲೆ ನಿಲ್ಲಿಸಿದ್ದ ಒಂಟಿ ಡಬ್ಬಿ
ಕರೆಂಟಿಲ್ಲದೆ, ಇಂಜಿನ್ನಿಲ್ಲದೆ
ಮೆಲ್ಲಗೆ ಹೊರಟಿತು, ಸಂದು ದಾಟಿತು: ಟಕ್.