ತೂಕ, ತೂಕಡಿಕೆ

ಬಸರಾಳು ಹೋಬಳಿಯಲ್ಲಿ ನನ್ನ ಪಾಲಿಗೆ ಇನ್ನೂರ ಹನ್ನೊಂದು ಮನೆ.
ಎಡಗಂಕುಳಲ್ಲಿ ತೂಕದ ಯಂತ್ರ,
ಬಲಗೈಯಲ್ಲಿ ಟೇಪು, ಬಿಪಿ ಡಬ್ಬಿ, ಮೈಮೇಲೆ ಗುಲಾಬಿ ಸೀರೆ.
ಬೀದಿನಾಯಿಗಳಿಗೂ ಗೊತ್ತು, ಆಶಾ ಬಂದಳು ಅಂತ.

ಯಂತ್ರ ಹತ್ತುವ ಮುಂಚೆ ಹೊಂಬಾಳಮ್ಮ
ಸೊಂಟದ ಬೀಗದಕೈ ಗೊಂಚಲು ಬಿಚ್ಚಿಡುತ್ತಾಳೆ,
ಎಲೆಅಡಿಕೆ ಚೀಲ ಬಿಚ್ಚಿಡುತ್ತಾಳೆ,
ಕಾಲುಂಗುರಕ್ಕೂ ಕೈ ಹಾಕಿ, ಗಂಡನ ನೆನಪಾಗಿ, ಬಿಡುತ್ತಾಳೆ.
ಕೊನೆಗೆ ಉಸಿರು, ಅದೂ ಭಾರ ಎಂಬಂತೆ.
"ಎಷ್ಟವ್ವ?"
ಎಪ್ಪತ್ತೆಂಟು.
"ಗಾಳಿ ಕುಡುದ್ರೂ ಮೈಗೆ ಹತ್ತುತ್ತೆ ಕಣವ್ವ,
ರಾತ್ರಿಗೆ ಅರ್ಧ ಮುದ್ದೆ, ಅಷ್ಟೇಯ."

ನಮ್ಮ ಫಾರಂ ಕೇಳುತ್ತದೆ:
ಹೊಗೆಸೊಪ್ಪು ಹಾಕ್ತೀರಾ, ಸೊಂಟದ ಸುತ್ತಳತೆ ಎಷ್ಟು,
ವಂಶದಲ್ಲಿ ಯಾರಿಗಾದರೂ ಸಕ್ಕರೆ ಇದೆಯಾ.
ಮಂಡ್ಯದವಳನ್ನು ಸಕ್ಕರೆ ಇದೆಯಾ ಅಂದರೆ ನಗುತ್ತಾಳೆ,
ನಗುತ್ತಲೇ ಹೂಂ ಅನ್ನುತ್ತಾಳೆ.
ನಿದ್ದೆಗೆ ಕಾಲಂ ಇಲ್ಲ.

ಒಂದು ದಿನ ಪುಸ್ತಕ ಮುಚ್ಚಿದ ಮೇಲೆ ಸುಮ್ಮನೆ ಕೇಳಿದೆ:
ಎಷ್ಟೊತ್ತಿಗೆ ಮಲಗ್ತೀರಿ, ಎಷ್ಟೊತ್ತಿಗೆ ಏಳ್ತೀರಿ?
ಯಾರೂ ಕೇಳಿರಲಿಲ್ಲವೇನೋ,
ಬೆರಳು ಮಡಿಸಿ ಎಣಿಸಲು ಕೂತಳು.
ಒಂದೇ ಕೈಯಲ್ಲಿ ಮುಗಿಯಿತು.

ಅವತ್ತಿನಿಂದ ಅಂಚಿನಲ್ಲಿ, ಪೆನ್ಸಿಲಿನಲ್ಲಿ:
ಹೊಂಬಾಳಮ್ಮ, ನಾಲ್ಕೂವರೆ ಗಂಟೆ. ಹಸು ಎರಡು, ಬೆಳಕು ಹರಿಯುವ ಮುಂಚೆ ಡೈರಿ.
ಚನ್ನಾಜಮ್ಮ, ಲೆಕ್ಕಕ್ಕೆ ಸಿಗದು. ನಡುರಾತ್ರಿ ಕರೆಂಟು ಬಂದರೆ
ಕಬ್ಬಿಗೆ ನೀರು ಕಟ್ಟುವವನಿಗೆ ಟಾರ್ಚು ಹಿಡಿಯಬೇಕು.
ನಸೀಮ್ ತಾಜ್, ಎರಡು, ಮತ್ತೆ ಒಂದೂವರೆ. ನಡುವೆ ಮಗು, ಅತ್ತೆಯ ಕೆಮ್ಮು.
ಸಿಂಧುಶ್ರೀ, ನಾಲ್ಕು. ಮದ್ದೂರಿನ ಗಾರ್ಮೆಂಟ್ಸ್ ಬಸ್ಸು.
ನಲವತ್ತೊಂದು ಕೆಜಿ. ಡಬ್ಬಿಯ ಅನ್ನ ಡಬ್ಬಿಯಲ್ಲೇ ವಾಪಸ್ಸು.
ಮುಟ್ಟಾಗಿ ಮೂರು ತಿಂಗಳು. ಬಸುರಲ್ಲ.
ಪುಟ್ಟಲಿಂಗಮ್ಮ:
"ಮುಟ್ಟು ನಿಂತಾಗ್ಲಿಂದ ಮೈಯೆಲ್ಲ ಕೆಂಡ.
ಸರೊತ್ನಲ್ಲಿ ಎದ್ದು ಬಾಗ್ಲಲ್ಲಿ ಕೂತ್ಕತೀನಿ,
ನಾಲೆ ನೀರಿನ ಸದ್ದು ಕೇಳ್ತದೆ. ಹಸಿವಾಯ್ತದೆ.
ಆ ಹೊತ್ನಲ್ಲಿ ಬೆಲ್ಲ ಬಿಟ್ರೆ ಏನೂ ರುಚ್ಸಾಕಿಲ್ಲ."

ತರಬೇತಿಯಲ್ಲಿ ಡಾಕ್ಟರಮ್ಮ ಹೇಳಿದ್ದರು:
ನಿದ್ದೆ ಕಡಿಮೆಯಾದರೆ ಹಸಿವು ಸುಳ್ಳು ಹೇಳುತ್ತದೆ,
ಮೈ ಭಾರವಾದರೆ ನಿದ್ದೆ ಮುರಿಯುತ್ತದೆ.
ಗಾಣದ ಸುತ್ತು.
ಯಾವುದು ಮೊದಲು ಅಂತ ಎತ್ತನ್ನು ಕೇಳಿದರೆ ಏನು ಹೇಳೀತು.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ.
ನನ್ನಜ್ಜಿ ಹೇಳಿದ್ದಳು, ನಾನೂ ಹೇಳಿದ್ದೇನೆ.
ಇಲ್ಲದವನಿಗೆ.
ಅದೇ ಸಂತೆಯಲ್ಲಿ ಸೊಪ್ಪಿನ ಗುಡ್ಡೆಯ ಹಿಂದೆ
ಕಣ್ಣೆಳೆದು ಹೋದವಳಿಗೆ ಗಾದೆಯಿಲ್ಲ,
ಸೋಂಬೇರಿ ಅಂತ ಒಂದು ಮಾತಿದೆ.

ನನ್ನದು ಬರೆದಿರಲಿಲ್ಲ.
ಯಂತ್ರ ಮನೆಯಲ್ಲೇ ಇರುತ್ತದೆ, ಮಂಚದ ಕೆಳಗೆ,
ಹತ್ತುವುದಿಲ್ಲ. ಹತ್ತಿದ ದಿನ ಎಂಬತ್ತಮೂರು.
ಮಗಳು ನನ್ನ ಗೊರಕೆಯನ್ನು ಮೊಬೈಲಿನಲ್ಲಿ ಹಿಡಿದು
ನಗಿಸಲು ಕೇಳಿಸಿದಳು:
ಗರಗಸ, ಗರಗಸ, ಆಮೇಲೆ
ಏನೂ ಇಲ್ಲ.
ಇಬ್ಬರೂ ಎಣಿಸಿದೆವು. ಹದಿನೇಳು. ಹದಿನೆಂಟು.
ನಾಲೆಗೆ ಬಿದ್ದವಳು ಮೇಲೆ ಬಂದ ಹಾಗೆ ಒಂದು ಉಸಿರು.
ಮಗಳು ನಗಲಿಲ್ಲ.
ಬೇರೆಯವರಾಗಿದ್ದರೆ ಅವತ್ತೇ
ಮಂಡ್ಯ ಆಸ್ಪತ್ರೆಗೆ ಚೀಟಿ ಬರೆಯುತ್ತಿದ್ದೆ.

ಮಾರನೆಯ ಮಧ್ಯಾಹ್ನ ಪುಟ್ಟಲಿಂಗಮ್ಮನ ಪಡಸಾಲೆಯಲ್ಲಿ
ಅವಳ ತೋಳಿಗೆ ಪಟ್ಟಿ ಸುತ್ತುತ್ತ ಸುತ್ತುತ್ತ
ತೂಕದವಳು ತೂಕಡಿಸಿದೆ.
ಎದ್ದಾಗ ದೀಪ ಹಚ್ಚುವ ಹೊತ್ತು.
ಮಗ್ಗುಲಾಗಿ ಮಲಗಿಸಿದ್ದಳು, ಬೆನ್ನಿಗೆ ರಾಗಿಮೂಟೆ ಆನಿಸಿ,
ತಲೆಯಡಿ ಹಳೇ ಸೀರೆಯ ಸುರುಳಿ,
ಬಾಗಿಲು ಮುಂದಕ್ಕೆ.
ಹೊರಗೆ ಯಾರೋ ನನ್ನ ಕೇಳಿಕೊಂಡು ಬಂದಿದ್ದರು.
"ಆಸಮ್ಮ ಈಗ ಸಿಕ್ಕಾಕಿಲ್ಲ ಹೋಗು," ಅವಳ ದನಿ,
"ಡ್ಯೂಟಿ ಮೇಲವ್ಳೆ."

ಪುಸ್ತಕ ನೆಲದ ಮೇಲೆ ತೆರೆದೇ ಇತ್ತು.
ಅಂಚಿನಲ್ಲಿ, ಹೆಸರಿಲ್ಲದ ಜಾಗದಲ್ಲಿ,
ಅಕ್ಷರ ಬಾರದ ಕೈಯ ಮೂರು ಪೆನ್ಸಿಲ್ ಗೀಟು,
ಪಕ್ಕದಲ್ಲೊಂದು ಅರ್ಧ.