ಪ್ರಶ್ನೆ ಹದಿನಾಲ್ಕು

ಸುವೈಕಿನ ತೋಟಗಳಲ್ಲಿ ಮೂರು ದಿನ
ನಾನು ಗಾಡಿ ಓಡಿಸಿದೆ, ರಯ್ಯಾ ಪ್ರಶ್ನೆ ಕೇಳಿದಳು.
ಯೂನಿವರ್ಸಿಟಿಯ ಹುಡುಗಿ, ಮೊಣಕಾಲ ಮೇಲೆ ಕಾಗದದ ಕಟ್ಟು,
ಒಂದೊಂದು ಪ್ರಶ್ನೆಗೂ ಐದೈದು ಚೌಕ:
ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ಗೊತ್ತಿಲ್ಲ,
ಒಪ್ಪುವುದಿಲ್ಲ, ಎಳ್ಳಷ್ಟೂ ಒಪ್ಪುವುದಿಲ್ಲ.
ತೋಟದ ಕಸ ತೋಟಕ್ಕೇ ಮರಳಬೇಕೇ ಎಂಬುದು ವಿಷಯ.
ಹತ್ತೊಂಬತ್ತು ವರ್ಷದ ಅರಬ್ಬಿ ನನ್ನದು,
ಬೇಡವೆಂದರೂ ಕಿವಿಗೆ ಬೀಳುತ್ತದೆ.

ಖಲ್ಫಾನ್ ಹಿರಿಯರು ಒಳ್ಳೆಯವರು.
ಚಾಪೆ ಹಾಸಿ, ಖರ್ಜೂರ ಮುಂದಿಟ್ಟು,
ನಾವು ಬಟ್ಟಲು ಅಲ್ಲಾಡಿಸುವ ತನಕ ಕಾವಾ ಬಗ್ಗಿಸುತ್ತಾ
ಎಲ್ಲದಕ್ಕೂ ಪೂರ್ತಿ ಒಪ್ಪಿದರು.
ಭೂಮಿ ದೇವರ ಅಮಾನತ್ತು. ಹೌದು.
ದುಂದು ಮಾಡುವುದು ಪಾಪ. ಹೌದು ಹೌದು.
ಅವರ ಬೆನ್ನ ಹಿಂದೆ, ಪಂಪ್ ಶೆಡ್ಡಿನಾಚೆ,
ಒಣಗರಿಯ ರಾಶಿ ಚಟಪಟ ಉರಿಯುತ್ತಿತ್ತು.
ಗಾಳಿ ತಿರುಗಿತು. ರಯ್ಯಾ ಕೆಮ್ಮಿದಳು,
ಬರೆದಳು, ಮತ್ತೆ ಕೆಮ್ಮಿದಳು.

"ಅದು ಹುಳಕ್ಕೆ," ಅಂದರು, ಯಾರೂ ಕೇಳದೆ.
ಕೆಂಪು ಮೂತಿಹುಳ. ತಿರುಳಲ್ಲಿ ಕೂತು ಮೇಯುತ್ತದಂತೆ,
ಬೊಡ್ಡೆಗೆ ಕಿವಿಯಿಟ್ಟರೆ ಸದ್ದು ಕೇಳುತ್ತದಂತೆ.
"ಒಂದೇ ವರ್ಷ ಎಪ್ಪತ್ತು ಮರ, ಮಗಳೇ.
ನೀನು ರಾಶಿ ನೋಡಿ ಗೊಬ್ಬರ ಅನ್ನುತ್ತೀ,
ನಾನು ನೋಡಿದರೆ ಹುಳ."
ಆ ಮಾತಿಗೆ ಚೌಕ ಇರಲಿಲ್ಲ.

ಅವರ ಅಪ್ಪನ ಕಾಲದಲ್ಲಿ
ಗರಿ ಬಿಸಾಡಿದ ಮಕ್ಕಳಿಗೆ ಏಟು ಬೀಳುತ್ತಿತ್ತಂತೆ.
ಗರಿಯೇ ಗೋಡೆ, ಗರಿಯೇ ತೊಟ್ಟಿಲು,
ಗರಿದಿಂಡು ಬಿಗಿದು ಕಟ್ಟಿದರೆ ಕಡಲಿಗೆ ದೋಣಿ, ಶಾಶಾ ಅಂತ ಹೆಸರು.
"ಅದನ್ನು ನಾವು ಬಡತನ ಅಂದೆವು," ಎಂದು ನಕ್ಕರು,
"ನೀವು ಓದಿದವರು ಚಂದದ ಬೇರೆ ಹೆಸರಿಟ್ಟಿರಿ."

ಪ್ರಶ್ನೆ ಹದಿನಾಲ್ಕು:
ಕಸ ಕೊಳೆಸಿದ ಗೊಬ್ಬರದಲ್ಲಿ ಬೆಳೆದ ತರಕಾರಿ ನೀವು ತಿನ್ನುತ್ತೀರಾ?
ಮುಖ ಕಿವುಚಿಕೊಂಡರು. "ಎಳ್ಳಷ್ಟೂ ಇಲ್ಲ!"
ಎಂದು ತಟ್ಟೆಯಿಂದ ಸೌತೆಯ ಹೋಳೊಂದನ್ನೆತ್ತಿ
ನಿಂಬೆ ಹಿಂಡಿ ಬಾಯಿಗಿಟ್ಟರು.
"ತಿನ್ನಿ, ನಮ್ಮ ತೋಟದ್ದೇ.
ಈ ಸಲ ಏನು ಸಿಹಿ! ಮಣ್ಣಿನ ಗುಣ."

ಆಗಷ್ಟೇ ನಾನು ಶೆಡ್ಡಿನ ಹಿಂದೆ
ಮುಖ ತೊಳೆಯಲು ಹೋಗಿ ಬಂದಿದ್ದೆ.
ಅಲ್ಲಿ ಭೋಲಾದ ಮೊಫಿಜುಲ್
ಹರಕು ಟಾರ್ಪಾಲು ಸರಿಸಿ ತೋರಿಸಿದ್ದ:
ಉಪ್ಪುನೀರಿನ ತೋಟದಲ್ಲಿ ಎದೆಯಾಳದ ಒಂದು ಗುಂಡಿ.
ಸುಡಲು ಕೊಟ್ಟ ಗರಿಯಲ್ಲಿ ಹುಳವಿಲ್ಲದ್ದು ಅರ್ಧ ಅದರೊಳಗೆ,
ಆಡಿನ ಹಿಕ್ಕೆ, ಹುಳಿತ ಖರ್ಜೂರ,
ಮೀನಿನ ತಲೆ, ಚಹಾದ ಗಸಿ, ಆರು ವರ್ಷ.
ಕೈ ಹಾಕಿ ಎತ್ತಿದ. ಕಪ್ಪಗೆ, ಬೆಚ್ಚಗೆ, ಪುಡಿಪುಡಿ.
"ಅರ್ಬಾಬಿಗೆ ಹೇಳಬೇಡ ಭಾಯ್,
ಚೀಲದ ಗೊಬ್ಬರವೆಂದೇ ತಿಳಿದಿದ್ದಾರೆ."
ಹೋಗುವಾಗ ಒಂದು ಕಟ್ಟು ಪುಯಿ ಕೊಟ್ಟ.
ನೋಡಿದರೆ ನಮ್ಮ ಬಸಳೆ.

ಸೌತೆ ಅಗಿದೆ. ಸಿಹಿಯಾಗಿಯೇ ಇತ್ತು.
ಬಾಯಿ ತುಂಬಿದ್ದು ಒಳ್ಳೆಯದಾಯಿತು.

ಹಿಂದಿರುಗುವಾಗ ಗಾಜಿನ ಮೇಲೆ ಬೂದಿ.
ವೈಪರ್ ಹಾಕಿದರೆ ಇನ್ನೂ ರಾಡಿ.
ರಯ್ಯಾ ಕಾಗದ ಜೋಡಿಸುತ್ತಾ ಕೇಳಿದಳು,
"ನಿಮ್ಮೂರಲ್ಲಿ ಹೇಗೆ ಇದ್ದಿನಬ್ಬ?"
ಹಟ್ಟಿಯ ಗೊಬ್ಬರ ಬುಟ್ಟಿಯಲ್ಲಿ ತುಂಬಿ
ತಲೆಯ ಮೇಲೆ ಹೊತ್ತು ಗದ್ದೆಗೆ ನಡೆದ ಹುಡುಗ ನಾನು.
ಕುತ್ತಿಗೆಗೆ ಇಳಿಯುತ್ತಿದ್ದ ಆ ರಸ,
ಶಾಲೆಯ ಬೆಂಚಿನಲ್ಲಿ ಪಕ್ಕದವನು ಸರಿದು ಕೂತದ್ದು.
ಆ ಬುಟ್ಟಿ ಇಳಿಸಲೆಂದೇ ಲೈಸೆನ್ಸ್ ಮಾಡಿಸಿದೆ.
"ನಮ್ಮಲ್ಲಿ ಎಲ್ಲರೂ ಒಪ್ಪುತ್ತಾರೆ," ಅಂದೆ.
"ಪೂರ್ತಿ?"
"ಪೂರ್ತಿ."

ರಾತ್ರಿ ಸೋಹಾರಿನ ಕೋಣೆಯಲ್ಲಿ
ಸಿಗಡಿ ಹಾಕಿ ಬಸಳೆ ಬೇಯಿಸಿದೆ.
ದಂಟು ಚೀಪಿ ಚೀಪಿ ಉಂಡೆವು, ನಾಲ್ಕು ಜನ.
ಜಗಿದ ನಾರು, ಸಿಗಡಿಯ ಸಿಪ್ಪೆ, ಬೇರಿಗಂಟಿದ್ದ ಹಿಡಿ ಮಣ್ಣು,
ಎಲ್ಲವನ್ನೂ ಕಪ್ಪು ಚೀಲಕ್ಕೆ ತುಂಬಿ
ಬಿಗಿಯಾಗಿ ಗಂಟು ಹಾಕಿ
ಹೊರಗಿಟ್ಟೆ.