ತಕ್ಕದ್ದು, ಬಹುದು

ಶಾಸನಸಭೆಯ ನೆಲಮಾಳಿಗೆಯಲ್ಲಿ, ಬಾಯ್ಲರಿನ ಪಕ್ಕದ ಕೋಣೆಯಲ್ಲಿ
ಇಬ್ಬರು ಕೂತು ಕಾನೂನನ್ನು ಗಟ್ಟಿಯಾಗಿ ಓದುತ್ತಾರೆ.
ಓದುವವನು ಲೂಸಿಯನ್. ಹಾಳೆಯ ಮೇಲೆ ಸ್ಕೇಲು ಜಾರಿಸುತ್ತ
ಕಣ್ಣಲ್ಲೇ ಹಿಂಬಾಲಿಸುವವಳು ಓರ್ಲೀನ್.
ಲೂಸಿಯಾನದಲ್ಲಿ ಏಪ್ರಿಲ್ಲಿಗೇ ಸೆಕೆ, ಫ್ಯಾನು ಹಾಕಿದರೆ ಹಾಳೆ ಹಾರುತ್ತದೆ.
ರಾಗ ಕೂಡದು, ಭಾವ ಕೂಡದು,
ಚಿಹ್ನೆಗಳನ್ನೂ ಬಾಯಿಬಿಟ್ಟು ಹೇಳಬೇಕು:
"ಪ್ರತಿಯೊಂದು ಮನೆಗೂ ಅಲ್ಪವಿರಾಮ
ಅದು ಯಾವ ಬೀದಿಯದೇ ಆಗಿರಲಿ ಅಲ್ಪವಿರಾಮ
ಕುಡಿಯಲು ಯೋಗ್ಯವಾದ ನೀರನ್ನು ನಗರವು ಒದಗಿಸ..."

ಒದಗಿಸತಕ್ಕದ್ದು ಎಂದಿತ್ತು ಸೋಮವಾರ.
ಗುರುವಾರದ ಪ್ರತಿಯಲ್ಲಿ: ಒದಗಿಸಬಹುದು.

ಸ್ಕೇಲು ನಿಂತಿತು.
"ಅಲ್ಪವಿರಾಮ ತಪ್ಪಿತೇ?" ಲೂಸಿಯನ್ ಕೇಳಿದ.
"ಇಲ್ಲ. ಚಿಹ್ನೆಗಳೆಲ್ಲ ಸರಿಯಾಗಿವೆ."

ಮೇಲೆ, ಅಮೃತಶಿಲೆಯ ಸಭೆಯಲ್ಲಿ, ಭಾಷಣ ನಡೆದಿದೆ.
ಎದೆಯ ಮೇಲೆ ಕೈಯಿಟ್ಟು ಯಾರೋ ಸ್ವಾತಂತ್ರ್ಯ ಅನ್ನುತ್ತಿದ್ದಾರೆ.
ಕೊಳವೆಗಳಲ್ಲಿ ಇಳಿದು ಬರುವ ಹೊತ್ತಿಗೆ
ಸ್ವರ ಮಾತ್ರ ಉಳಿದಿರುತ್ತದೆ, ಆ... ಅ... ಅ...
ವ್ಯಂಜನವೆಲ್ಲ ಮೇಲಿನ ಪಂಕ್ತಿಗೇ ಬಡಿಸಿಯಾಯಿತು.

ಓರ್ಲೀನಳ ಅಜ್ಜಿ ಜೆಲ್ಫಾ,
ಇಗರ್ಜಿಯ ಹಿಂದಿನ ಶಾಲೆಯಲ್ಲಿ ಹತ್ತೊಂಬತ್ತು ವರ್ಷ
ಮಕ್ಕಳಿಗೆ ಸಂವಿಧಾನದ ಮೊದಲ ಸಾಲು ಬಾಯಿಪಾಠ ಮಾಡಿಸಿದವಳು,
ಒಂದು ದಿನ ಟೋಪಿಗೆ ಪಿನ್ನು ಚುಚ್ಚಿ, ಬಿಳಿ ಕೈಗವುಸು ತೊಟ್ಟು
ಮತದಾರರ ಪಟ್ಟಿಗೆ ಹೆಸರು ಬರೆಸಲು ಹೋದಳು.
ಗುಮಾಸ್ತ ಅದೇ ಸಾಲಿನ ಚೀಟಿ ಮುಂದೆ ತಳ್ಳಿದ:
"ನನಗೆ ತೃಪ್ತಿಯಾಗುವ ಹಾಗೆ ಇದರ ಅರ್ಥ ಹೇಳು, ಜೆಲ್ಫಾ."
"ನಾವು ಅಂದರೆ, ಸಾರ್,
ನೀವು ಮತ್ತು ನಾನು."
ಅವನು ಪೆನ್ಸಿಲು ಚೂಪು ಮಾಡಿದ. ಚೂರ್ಣವನ್ನು ಊದಿದ.
"ತೃಪ್ತಿಯಾಗಲಿಲ್ಲ."

ಆಮೇಲೂ ಮೂರು ಸಲ ಹೋದಳು. ಅದೇ ಟೋಪಿ, ಅದೇ ಚೀಟಿ.
ಉತ್ತರ ಬದಲಾಯಿಸಬಹುದಿತ್ತು.
ಬದಲಾಯಿಸಲಿಲ್ಲ.

ಗರಿಲೇಖನಿಯಲ್ಲಿ ಆ ಸಾಲು ಬರೆದವರು
ನಾವು ಎಂದಾಗ ಕೋಣೆಯಲ್ಲಿದ್ದ ಕುರ್ಚಿಗಳನ್ನಷ್ಟೇ ಎಣಿಸಿದ್ದರು.
ಬಾಗಿಲ ಬಳಿ ತಟ್ಟೆ ಹಿಡಿದು ನಿಂತವನನ್ನು ಎಣಿಸಲಿಲ್ಲ.
ಆದರೆ ಪದ ಒಮ್ಮೆ ಬೀದಿಗೆ ಬಿದ್ದರೆ ಯಾರ ಮನೆಯ ನಾಯಿ?
ಅನ್ನ ಹಾಕಿದವರ ಬೆನ್ನು ಹತ್ತುತ್ತದೆ.
ಲಾರಿಯ ಹಿಂಬದಿಯಲ್ಲಿ ನಿಂತು ಯಾರೋ ಅದನ್ನು ಕೂಗಿ ಕರೆದರು,
ಕ್ಷೌರದಂಗಡಿಯಲ್ಲಿ, ಜೈಲಿನಲ್ಲಿ, ಶವಯಾತ್ರೆಯಲ್ಲಿ ಕರೆದರು.
ಸಾಕಿದವರ ಅಂಗಳಕ್ಕೇ ಅದು ಒಂದು ಬೆಳಿಗ್ಗೆ
ಹಲ್ಲು ಬಿಟ್ಟುಕೊಂಡು ವಾಪಸು ಬಂತು.
ಎಪ್ಪತ್ತೊಂದರ ವಯಸ್ಸಿನಲ್ಲಿ ಜೆಲ್ಫಾ ಮತ ಹಾಕಿದಳು,
ಒಂದೇ ಸಲ. ಸೋತವನಿಗೆ.

ಕರಡು ತಿದ್ದುವವರು ಪದ ಬದಲಿಸುವ ಹಾಗಿಲ್ಲ.
ಅಂಚಿನಲ್ಲೊಂದು ಪ್ರಶ್ನೆ ಹಾಕಬಹುದು.
(ಅಲ್ಲೂ ಬಹುದು.)
ಓರ್ಲೀನ್ ಹಾಕಿದಳು, ನೀಲಿ ಪೆನ್ಸಿಲಿನಲ್ಲಿ, ಕೊಂಚ ದೊಡ್ಡದಾಗಿಯೇ.
ಮೇಲಿನಿಂದ ಹಾಳೆ ಊಟದ ಹೊತ್ತಿಗೆ ಮರಳಿತು:
ಪದದ ಕೆಳಗೆ ಮೂರು ಚುಕ್ಕಿ,
ಅಂದರೆ, ಇದ್ದದ್ದು ಇದ್ದ ಹಾಗೇ ಇರಲಿ.
ಸಹಿಯಿಲ್ಲ. ಚುಕ್ಕಿಗಳಿಗೆ ಕೈಬರಹ ಇರುವುದಿಲ್ಲ.

ತಕ್ಕದ್ದು ಎಂದರೆ ಸಾಲ. ಬಾಗಿಲು ಬಡಿದು ಕೇಳಲು ಬರುತ್ತದೆ.
ಬಹುದು ಎಂದರೆ ನೆಂಟರು ಹೊರಡುವಾಗ
"ಮತ್ತೆ ಬನ್ನಿ" ಅಂದ ಹಾಗೆ.
ಬಹುದು ಎಂಬುದರ ಹೊಟ್ಟೆಯಲ್ಲಿ ಬಾರದಿರುವುದೂ ಇದೆ.

"ಓದಲೇ?" ಅಂದ ಲೂಸಿಯನ್.
ನಲವತ್ತು ವರ್ಷ ಭಾವವಿಲ್ಲದೆ ಓದಿದ ಗಂಟಲು.
"ನಗರವು ಒದಗಿಸ..." ಕೆಮ್ಮಿದ. ನೀರು ಕುಡಿದ. ಮತ್ತೆ ಕೆಮ್ಮಿದ.
"ಮುಂದೆ ಹೋಗು," ಅಂದಳು. "ನನಗೆ ಕಾಣಿಸುತ್ತಿದೆ."

ರಾತ್ರಿ ಮನೆಯಲ್ಲಿ ನಲ್ಲಿ ತಿರುಗಿಸಿದಳು.
ಮೊದಲು ಗಾಳಿ, ಆಮೇಲೆ ಕೆಮ್ಮು, ಆಮೇಲೆ ಚಹಾದ ಬಣ್ಣ.
ಪಾತ್ರೆ ಹಿಡಿದು ನಿಂತೇ ಇದ್ದಳು,
ಶಾಲೆಯ ಮಕ್ಕಳಿಗೆ ಅಜ್ಜಿ ಹೇಳಿಕೊಟ್ಟ ಹಾಗೆ,
ಒಂದೊಂದೇ ಅಕ್ಷರ ಬಿಡಿಸಿ,
ನಲ್ಲಿಗೆ ಹೇಳಿದಳು:
ತ, ಕ್ಕ, ದ್ದು.